ಯಾವ್ ಕೆಲ್ಸ ಸಾ?

ಜಾರ್ಜ್ ಪೋಲ್ಯ ಅಂತ ಒಬ್ಬರಿದ್ದರು. 1887ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ, ಜ್ಯೂರಿಕ್‌ನಲ್ಲಿ ಪಾಠ ಹೇಳಿ, ಆಮೇಲೆ ಅಮೆರಿಕದ ಸ್ಟ್ಯಾನ್‌ಫರ್ಡ್ ಸೇರಿ, 97 ವರ್ಷ ಬಾಳಿದ ಗಣಿತಜ್ಞ. ಲೆಕ್ಕ ಬಿಡಿಸುವುದು ಹೇಗೆ ಎಂದು 1945ರಲ್ಲಿ ಒಂದು ಪುಸ್ತಕ ಬರೆದರು. ನಾಲ್ಕೇ ಮೆಟ್ಟಿಲು: ಮೊದಲು ಲೆಕ್ಕ ಏನು ಕೇಳುತ್ತಿದೆ ಅಂತ ತಿಳಿದುಕೋ, ಉಪಾಯ ಹುಡುಕು, ಅದರಂತೆ ಮಾಡು, ಕಡೆಗೆ ಹಿಂತಿರುಗಿ ನೋಡು. ಬ್ಯಾಂಕಿನಲ್ಲಿ ಊರವರ ಬಡ್ಡಿ ಲೆಕ್ಕ ಹಾಕಿ ನಿವೃತ್ತನಾದ ನನ್ನ ಕೈಗೆ ಈ ಪುಸ್ತಕ ಸಿಕ್ಕಿದ್ದೇ ತಡ, ಪೋಲ್ಯರನ್ನು ನಮ್ಮೂರು ಪಾಳ್ಯಕ್ಕೆ ಕರೆತರುವುದು ನನ್ನ ಜನ್ಮದ ಕರ್ತವ್ಯ ಅನ್ನಿಸಿಬಿಟ್ಟಿತು. ಇಬ್ಬರಿಗೂ ಯ-ಒತ್ತು ಇದೆ. ಇದಕ್ಕಿಂತ ಬೇರೆ ಕಾರಣ ಬೇಕೆ?

ಏಳನೇ ಎಂಟನೇ ತರಗತಿಯ ಮಕ್ಕಳು ಸಂಜೆ ನಮ್ಮ ಜಗಲಿಗೆ ಬರತೊಡಗಿದರು. ಟ್ಯೂಷನ್ ಪುಕ್ಕಟೆ, ಮೇಲೆ ನನ್ನ ಹೆಂಡತಿಯ ಮಂಡಕ್ಕಿ ಒಗ್ಗರಣೆ. ಪೋಲ್ಯರ ಆಕರ್ಷಣೆ ಎಷ್ಟು, ಮಂಡಕ್ಕಿಯದೆಷ್ಟು ಎಂಬ ಲೆಕ್ಕವನ್ನು ನಾನು ಬಿಡಿಸಲು ಹೋಗಲಿಲ್ಲ.

ಮೊದಲು ಒಂದು ಪರೀಕ್ಷೆ ಇಟ್ಟೆ. 1980ರ ಸುಮಾರಿಗೆ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಸಣ್ಣ ಮಕ್ಕಳಿಗೆ ಕೇಳಿದ್ದರಂತೆ: ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ, ಕ್ಯಾಪ್ಟನ್ನಿನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಂದಿ ಆ ಅಂಕಿಗಳನ್ನೇ ಹಿಂದೆ ಮುಂದೆ ಮಾಡಿ ಉತ್ತರ ಕೊಟ್ಟರು. ನಮ್ಮಲ್ಲಿ ಹಡಗಿಲ್ಲ, ಮಂಗಳೂರು ಹೆದ್ದಾರಿ ಇದೆ. ಹಡಗನ್ನು ಲಾರಿ ಮಾಡಿ, ಕ್ಯಾಪ್ಟನ್ನನನ್ನು ಡ್ರೈವರ್ ಮಾಡಿ ಕೇಳಿದೆ. ‘36!’ ಜಗಲಿಯೇ ಒಂದಾಗಿ ಕೂಗಿತು.

ಗೆದ್ದೆ ಅಂದುಕೊಂಡೆ. ‘ಯಾಕ್ರೋ 36?’ ಎಂದು ಗಂಟಲು ಸರಿಮಾಡಿಕೊಂಡು ಕೇಳಿದೆ. ಕೊನೆಯಲ್ಲಿ ಕೂತಿದ್ದ ಶುಂಠಿ ಮೇಸ್ತ್ರಿಯ ಮಗ ಎದ್ದು ನಿಂತ. ‘ಕಳದ್ರೆ 16 ಬತ್ತದೆ ಸಾ, ಲೈಸನ್ಸ್ ಕೊಡಲ್ಲ. ಗುಣಿಸಿದ್ರೆ 260, ಅಷ್ಟೊತ್ತಿಗೆ ಸತ್ತೋಗಿರ್ತಾನೆ. ಭಾಗಿಸಿದ್ರೆ ಎರಡೂವರೆ ವರ್ಷದ ಮಗ. ಅದ್ಕೆ 36.’ ಹಿಂತಿರುಗಿ ನೋಡು ಎಂಬ ಪೋಲ್ಯರ ನಾಲ್ಕನೇ ಮೆಟ್ಟಿಲನ್ನು ಇಷ್ಟು ಶ್ರದ್ಧೆಯಿಂದ ಹತ್ತಿದವನನ್ನು ನಾನು ಕಂಡಿರಲಿಲ್ಲ. ಮೊದಲ ಮೆಟ್ಟಿಲೇ ಇಲ್ಲದ ಮನೆಯಲ್ಲಿ ಹತ್ತಿದ್ದ, ಅಷ್ಟೇ.

ಇವರ ಲೆಕ್ಕಶಾಸ್ತ್ರ ನನಗೆ ಮೆಲ್ಲಗೆ ತಿಳಿಯುತ್ತ ಬಂತು. ‘ಒಟ್ಟು’ ಅಂತಿದ್ದರೆ ಕೂಡು. ‘ಉಳಿದದ್ದು’ ಅಂತಿದ್ದರೆ ಕಳೆ. ಒಂದು ದೊಡ್ಡ ಅಂಕಿ, ಒಂದು ಚಿಕ್ಕ ಅಂಕಿ ಇದ್ದರೆ ಭಾಗಿಸಿ ನೋಡು; ಶೇಷವಿಲ್ಲದೆ ಹೋದರೆ ಅದೇ ದಾರಿ, ಶೇಷ ಉಳಿದರೆ ಗುಣಾಕಾರ. ಪಾಠದ ಹೆಸರು ‘ಸರಳ ಬಡ್ಡಿ’ ಅಂತಿದ್ದರೆ ಲೆಕ್ಕ ಓದುವ ಅಗತ್ಯವೇ ಇಲ್ಲ. ಇದ್ಯಾವುದೂ ಕೈ ಹಿಡಿಯದಿದ್ದರೆ ಹೇಳಿಕೊಡುವವನ ಮುಖ ನೋಡು. ‘ಕೂಡ್ಬೇಕಾ ಸಾ?’ ನನ್ನ ಹುಬ್ಬು ಮೇಲೇರಿತು. ‘ಅಲ್ಲಲ್ಲ, ಕಳೀಬೇಕಾ?’ ಹುಬ್ಬು ಅಲ್ಲೇ ನಿಂತಿತು. ‘ಗುಣಿಸ್ಬೇಕು ಸಾ.’ ಹುಬ್ಬು ಇಳಿಯಿತು. ಉತ್ತರ ಸರಿ. ಬಿಡಿಸಿದ್ದು ಲೆಕ್ಕವನ್ನಲ್ಲ, ನನ್ನನ್ನು.

ಚಪ್ಪಲಿಯ ಜೊತೆಗೇ ಬುದ್ಧಿಯನ್ನೂ ಬಾಗಿಲ ಹೊರಗೆ ಬಿಟ್ಟು ಬರುತ್ತಾರಲ್ಲ ಎಂದು ಕೊರಗಿ, ಪೋಲ್ಯರ ಹೆಸರು ಹೇಳಿ, ಒಂದು ಲೆಕ್ಕಕ್ಕೆ ಊರಿನ ಮಣ್ಣು ಮೆತ್ತಿದೆ. ಪುಸ್ತಕದಲ್ಲಿ ಬರೀ ‘ಒಂದು ಕೆಲಸ’ ಅಂತಿತ್ತು. ನಾನು ‘ತೋಟದ ಕೆಲಸ’ ಮಾಡಿದೆ: 12 ಆಳು ಒಂದು ತೋಟದ ಕೆಲಸವನ್ನು 8 ದಿನದಲ್ಲಿ ಮುಗಿಸಿದರೆ, 16 ಆಳು ಎಷ್ಟು ದಿನದಲ್ಲಿ ಮುಗಿಸುತ್ತಾರೆ?

ಪೆನ್ನುಗಳು ನಿಂತವು.

‘ಯಾವ್ ಕೆಲ್ಸ ಸಾ?’

‘ಯಾವುದೋ ಒಂದು.’

‘ಹಂಗಂದ್ರೆ ಹೆಂಗೆ ಸಾ? ಮರಗಸಿನಾ, ಕಳೆ ಹೊಡೆಯೋದಾ, ಕಾಫಿ ಕುಯ್ಯೋದಾ?’

‘ಕುಯ್ಯೋದು ಅಂತಿಟ್ಕೊ.’

‘ಅರೇಬಿಕಾನಾ, ರೋಬಸ್ಟಾನಾ?’

‘ರೋಬಸ್ಟಾ.’ ನನ್ನ ಧ್ವನಿಯಲ್ಲಿ ಇನ್ನೂ ಮಾಧುರ್ಯವಿತ್ತು. ಮಕ್ಕಳು ಲೆಕ್ಕವನ್ನು ತಿಳಿದುಕೊಳ್ಳುತ್ತಿದ್ದಾರೆ, ಮೊದಲ ಮೆಟ್ಟಿಲು!

‘ದಿನಗೂಲಿನಾ, ಕೆಜಿ ಲೆಕ್ಕನಾ?’

‘ಯಾವುದಾದರೇನಯ್ಯ?’

ಜಗಲಿ ನಕ್ಕಿತು. ಅರವತ್ತು ದಾಟಿದವನಿಗೆ ಇಷ್ಟೂ ಗೊತ್ತಿಲ್ಲವಲ್ಲ ಎಂಬ ಕನಿಕರದ ನಗು. ದಿನಗೂಲಿಯಾದರೆ 16 ಆಳು ಹಾಕಿದರೂ ಎಂಟೇ ದಿನ. ಬೇಗ ಮುಗಿಸಿ ನಾಳೆ ಮನೆಯಲ್ಲಿ ಕೂರಲು ಯಾರಿಗೆ ಹುಚ್ಚು? ಕೆಜಿ ಲೆಕ್ಕವಾದರೆ 12 ಆಳೇ ಐದು ದಿನಕ್ಕೆ ಮುಗಿಸುತ್ತಾರೆ, ಆದರೆ ಹಣ್ಣಿನ ಜೊತೆ ಹಸಿರು ಕಾಯಿಯನ್ನೂ ಎಳೆದು ಚೀಲಕ್ಕೆ ಹಾಕುತ್ತಾರೆ. ‘ಆಮೇಲೆ ರೈಟರ್ ಬೈತಾರೆ ಸಾ’ ಎಂದು ಒಬ್ಬಳು ಸೇರಿಸಿದಳು. ಎಂಟು ದಿನ ಅಂದರೆ ನಡುವೆ ಸಂತೆ ಬಂದೇ ಬರುತ್ತದೆ, ಹಾಗಾಗಿ ಅದು ಒಂಬತ್ತು ದಿನ. ಬಟವಾಡೆಯಾದ ಮರುದಿನ ಇಬ್ಬರು ಬರುವುದಿಲ್ಲ. ಇಬ್ಬರಲ್ಲ, ಮೂವರು ಅಂತ ಇನ್ನೊಬ್ಬ. ಇಬ್ಬರೇ ಅಂತ ಇವನು. ಇಲ್ಲಿ ಹತ್ತು ನಿಮಿಷ ಹೋಯಿತು. ಹೆಚ್ಚಿನ ನಾಲ್ಕು ಆಳು ಎಲ್ಲಿಂದ ಬಂದರು? ಶುಂಠಿಯವರು ಕೂಲಿ ಜಾಸ್ತಿ ಕೊಡುತ್ತಾರೆ, ಅವರನ್ನು ಬಿಟ್ಟು ನಿಮ್ಮ ತೋಟಕ್ಕೆ ಯಾಕೆ ಬಂದಾರು? (ಅದು ‘ನನ್ನ’ ತೋಟ ಯಾವಾಗ ಆಯಿತೋ!) ಅಸ್ಸಾಮಿನವರನ್ನು ಕರೆಸಬಹುದು ಅಂತ ಒಬ್ಬ. ಕರೆಸಿದರೆ ಲೈನ್ ಮನೆ ಬೇಕಲ್ಲ ಅಂತ ಇನ್ನೊಬ್ಬ. ಲೈನ್ ಮನೆ ಇದೆ ಅಂತ ನಾನು ರೇಗಿದೆ. ಇಲ್ಲದ ತೋಟಕ್ಕೆ ಲೈನ್ ಮನೆ ಕಟ್ಟಿಸಿದ್ದೆ.

‘ಆನೆ?’ ಅಂದ ಮೇಸ್ತ್ರಿಯ ಮಗ.

‘ಆನೆ ಇಲ್ಲ!’

‘ಹಂಗ್ ಹೇಳಕ್ಕಾಗಲ್ಲ ಸಾ. ಮೊಬೈಲಿಗೆ ಮೆಸೇಜ್ ಬಂದ್ರೆ ಅವತ್ತು ತೋಟಕ್ಕೆ ಯಾರೂ ಇಳಿಯಂಗಿಲ್ಲ.’

ಆಲೂರು, ಸಕಲೇಶಪುರದ ಕಡೆಯವನಾಗಿ ಈ ಮಾತಿಗೆ ನಾನು ಎದುರಾಡುವಂತಿರಲಿಲ್ಲ. ಆನೆಗೆ ಒಂದು ದಿನ ಬಿಟ್ಟೆ. ಕೊನೆಗೆ ಸಭೆ ತೀರ್ಮಾನಿಸಿತು: ದಿನಗೂಲಿಯಲ್ಲಿ, ಹದಿನಾಲ್ಕು ಆಳಿನಲ್ಲಿ, ಸಂತೆ ಮತ್ತು ಆನೆ ಸೇರಿ, ಹತ್ತು ದಿನ. ಮಳೆ ಬಂದರೆ ಕಣದಲ್ಲಿ ಹರಡಿದ್ದು ನೆನೆಯುತ್ತದೆ, ಅದು ಬೇರೆ ಲೆಕ್ಕ.

‘ಆರು ದಿನ!’ ಎಂದು ಕಿರುಚಿದೆ. ‘12 ಇಂಟು 8 ಬೈ 16. ಆರು!’

ಚರ್ಚೆ ಅಲ್ಲಿಗೇ ನಿಂತಿತು. ತಲೆಗಳು ಬಗ್ಗಿದವು. ಎಲ್ಲ ನೋಟ್‌ಬುಕ್ಕಿನಲ್ಲೂ ‘ಉತ್ತರ: 6 ದಿನ’ ಬಂತು, ಕೆಳಗೆ ಎರಡು ಗೆರೆ. ಹೇಗೆ, ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅಲ್ಲಿಯವರೆಗೆ ಕೂಲಿ, ಸಂತೆ, ಆನೆಯನ್ನೆಲ್ಲ ತೂಗಿ ನೋಡಿದ ಮಕ್ಕಳು ಅಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಕಂಡು ನನಗೆ ನಿಜಕ್ಕೂ ಕಸಿವಿಸಿಯಾಯಿತು. ನೋಟ್‌ಬುಕ್ಕಿನ ಆಳುಗಳು ಬೇರೆ ಜಾತಿಯವರು, ಅವರಿಗೆ ಸಂತೆಯೂ ಇಲ್ಲ ಹಸಿವೂ ಇಲ್ಲ ಎಂಬುದು ಇವರಿಗೆ ಎಂದೋ ಗೊತ್ತಾಗಿಬಿಟ್ಟಿದೆ.

ಅಮೆರಿಕದಲ್ಲೂ 1980ರ ದಶಕದ ಮೊದಲಲ್ಲಿ 13 ವರ್ಷದವರಿಗೆ ಕೇಳಿದ್ದರು: ಒಂದು ಬಸ್ಸಿಗೆ 36ರಂತೆ 1128 ಸೈನಿಕರಿಗೆ ಎಷ್ಟು ಬಸ್ ಬೇಕು? ನೂರಕ್ಕೆ 29 ಮಂದಿ ‘31 ಬಸ್, ಶೇಷ 12’ ಎಂದು ಬರೆದರಂತೆ. ನಮ್ಮವರು ಆ ತಪ್ಪು ಮಾಡಲಿಲ್ಲ. ‘31 ಸಾಕು ಸಾ, ಉಳಿದೋರು ಫುಟ್‌ಬೋರ್ಡಲ್ಲಿ’ ಎಂದರು. ಬೆಳಗಿನ ಹಾಸನದ ಬಸ್ಸು ನೋಡಿದವರು 36 ಜನಕ್ಕೊಂದು ಬಸ್ಸು ಎಂಬುದನ್ನೇ ನಂಬುವುದಿಲ್ಲ.

ದಶಮಾಂಶದ ದಿನ ಇನ್ನೊಂದು ಪ್ರಕರಣ. 1.25ಕ್ಕೆ 2.30 ಕೂಡಿಸು ಅಂದೆ. ಒಬ್ಬ 4.15 ಅಂದ, ಒಬ್ಬಳು 3.55 ಅಂದಳು. ಇಬ್ಬರೂ ಗಟ್ಟಿಯಾಗಿ ಹೇಳಿದರು. ಹುಡುಗನಿಗೆ ಬೈಯಲು ಬಾಯಿ ತೆರೆದವನು ಅಲ್ಲೇ ನಿಂತೆ. ಅವನು ಪಹಣಿ ಓದಿದ್ದ. ಒಂದು ಎಕರೆ 25 ಗುಂಟೆ, ಎರಡು ಎಕರೆ 30 ಗುಂಟೆ. ನಲವತ್ತು ಗುಂಟೆಗೆ ಎಕರೆ. ಸೇರಿ ನಾಲ್ಕು ಎಕರೆ ಹದಿನೈದು ಗುಂಟೆ. ಅವಳು ತೋಟದ ಮಳೆ ಪುಸ್ತಕ ನೋಡಿದವಳು. ಪ್ಲಾಂಟರುಗಳು ಈಗಲೂ ಮಳೆಯನ್ನು ಇಂಚು-ಸೆಂಟಿನಲ್ಲೇ ಅಳೆಯುತ್ತಾರೆ, ನೂರು ಸೆಂಟಿಗೆ ಒಂದು ಇಂಚು. ಅಂದಿನಿಂದ ಚುಕ್ಕಿ ಇಟ್ಟ ಲೆಕ್ಕ ಕೊಟ್ಟಾಗಲೆಲ್ಲ ‘ಜಮೀನಾ ಸಾ, ಮಳೆನಾ?’ ಎಂದು ಕೇಳುವುದು ರೂಢಿಯಾಯಿತು. ಪಠ್ಯಪುಸ್ತಕದ್ದೆಲ್ಲ ಮಳೆ ಎಂದು ಹೇಳಿಬಿಟ್ಟಿದ್ದೇನೆ. ಅಲ್ಲಿಂದ ದಶಮಾಂಶ ತಪ್ಪಿಲ್ಲ.

ಇದನ್ನು ಒಬ್ಬ ಅಪ್ಪನಿಗೆ ಹೇಳಹೋದೆ. ‘ಇವನಿಗೆ ಗಣಿತ ತಲೆಗೇ ಹತ್ತಲ್ಲ, ಒಂದು ಗೈಡ್ ತಂದುಕೊಟ್ಟಿದ್ದೀನಿ, ಅದನ್ನೇ ಬಾಯಿಪಾಠ ಮಾಡಿಸಿ’ ಅಂದರು, ಮಗ ಪಕ್ಕದಲ್ಲೇ ನಿಂತಿರುವಾಗ. ಇದೇ ಹುಡುಗ ಕಾಫಿ ವ್ಯಾಪಾರಿಯ ಮುಂದೆ ನಿಂತು, 50 ಕೆಜಿ ಚೆರಿ ಮೂಟೆಗೆ 27 ಕೆಜಿ ಬೀಜ ಬಿದ್ದರೆ ಔಟ್‌ಟರ್ನ್ 27 ಅಂತ ಪಾಯಿಂಟಿನ ದರಕ್ಕೆ ಗುಣಿಸಿ, ಕ್ಯಾಲ್ಕ್ಯುಲೇಟರಿಗಿಂತ ಮುಂಚೆ ಮೂಟೆ ಬೆಲೆ ಹೇಳುವವನು. ಆ ಗೈಡನ್ನು ನಾನು ತೆರೆದು ನೋಡಿದೆ. ಪ್ರತಿ ಲೆಕ್ಕಕ್ಕೂ ಉತ್ತರವಿತ್ತು, ಒಂದಕ್ಕೂ ಕಾರಣವಿರಲಿಲ್ಲ. ಹಿಂತಿರುಗಿಸುವಾಗ ಅದರ ಕೆಲವು ಹಾಳೆಗಳ ಮೇಲೆ ಕಾಫಿ ಚೆಲ್ಲಿತ್ತು. ಹೇಗೆ ಚೆಲ್ಲಿತು ಎಂಬುದನ್ನು ವಿವರಿಸಲಾರೆ.

ಲೈನ್ ಮನೆಯಿಂದ ಬರುವ ಹುಡುಗಿಯೊಬ್ಬಳು ಒಂದು ಸಂಜೆ ತಾನೇ ಲೆಕ್ಕ ಕೇಳಿದಳು. ಅಮ್ಮ ಇಪ್ಪತ್ತು ಸಾವಿರ ಅಡ್ವಾನ್ಸ್ ತಗೊಂಡಿದ್ದಾರೆ, ವಾರಕ್ಕೆ ಐನೂರು ಮುರಿಯುತ್ತಾರೆ, ಎಷ್ಟು ವಾರಕ್ಕೆ ತೀರುತ್ತದೆ? ನಾನು ಉತ್ಸಾಹದಿಂದ ‘ವಾರಗಳ ಸಂಖ್ಯೆ ಎಕ್ಸ್ ಆಗಿರಲಿ’ ಎಂದು ಬರೆದು, 40 ಎಂದು ಮುಗಿಸಿದೆ. ‘ನಲವತ್ತು ನಂಗೂ ಗೊತ್ತು ಸಾ’ ಎಂದಳು. ‘ಮಳೇಲಿ ಕೆಲ್ಸ ಇಲ್ದಿದ್ ವಾರ ಮುರಿಯಲ್ಲ, ಆಗ ಅಕ್ಕಿಗೆ ಮತ್ತೆ ತಗೋತಾರೆ. ಅದ್ನ ಹೆಂಗ್ ಬರೀಬೇಕು ಅಂತ.’ ತೀರುವವರೆಗೆ ಬೇರೆ ತೋಟಕ್ಕೆ ಹೋಗುವಂತಿಲ್ಲ. ತೀರಿದರೆ ಹೋಗುತ್ತಾರೆ, ಹೋದರೆ ಇವಳ ಶಾಲೆಯೂ ಬದಲಾಗುತ್ತದೆ. ಯಾವುದಾಗಲಿ ಎಂದು ಕೇಳುತ್ತಿದ್ದಾಳೋ ಅವಳ ಮುಖ ನೋಡಿದರೆ ಗೊತ್ತಾಗಲಿಲ್ಲ. ಮುಖ ನೋಡಿ ಲೆಕ್ಕ ಬಿಡಿಸುವ ವಿದ್ಯೆ ನನಗೆ ಬಾರದು. ಎರಡು ಪುಟ ಬರೆದೆವು. ಎಕ್ಸ್ ಸಾಲದೆ ವೈ ಕೂಡ ಬಂತು.

ಆಮೇಲೆ ಪೋಲ್ಯರನ್ನು ಸ್ವಲ್ಪ ದಿನ ಬೀರುವಿಗೆ ಕಳಿಸಿ ಮಹಾವೀರಾಚಾರ್ಯರನ್ನು ತೆಗೆದೆ. ಒಂಬತ್ತನೇ ಶತಮಾನದಲ್ಲಿ ನಮ್ಮ ಅಮೋಘವರ್ಷ ನೃಪತುಂಗನ ಕಾಲದಲ್ಲಿ ‘ಗಣಿತಸಾರಸಂಗ್ರಹ’ ಬರೆದವರು. 1912ರಲ್ಲಿ ರಂಗಾಚಾರ್ಯರು ಮದ್ರಾಸಿನಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು. ಅದರಲ್ಲೊಂದು ಮಾವಿನಹಣ್ಣಿನ ಲೆಕ್ಕವಿದೆ. ರಾಶಿಯಲ್ಲಿ ರಾಜ ಆರರಲ್ಲೊಂದು ಪಾಲು ತೆಗೆದುಕೊಂಡ. ಉಳಿದದ್ದರಲ್ಲಿ ರಾಣಿ ಐದರಲ್ಲೊಂದು. ಆಮೇಲೆ ಮೂವರು ರಾಜಕುಮಾರರು ಹೀಗೇ ಉಳಿದುಳಿದದ್ದರಲ್ಲಿ ನಾಲ್ಕರಲ್ಲೊಂದು, ಮೂರರಲ್ಲೊಂದು, ಅರ್ಧ. ಕಡೆಗೆ ಕಿರಿಯ ಮಗನಿಗೆ ಮೂರು ಹಣ್ಣು ಉಳಿಯಿತು. ಒಟ್ಟು ಎಷ್ಟು?

ನಾನು ಭಿನ್ನರಾಶಿ ಬರೆಯಲು ಸೀಮೆಸುಣ್ಣ ಹುಡುಕುತ್ತಿದ್ದೆ. ಲೈನ್ ಮನೆಯ ಹುಡುಗಿ ಕೊನೆಯಿಂದ ಹೊರಟಳು. ಅರ್ಧ ತೆಗೆದ ಮೇಲೆ ಮೂರು ಅಂದರೆ ಮೊದಲು ಆರು. ಮೂರರಲ್ಲೊಂದು ಹೋಗಿ ಆರು ಅಂದರೆ ಒಂಬತ್ತು. ಹನ್ನೆರಡು, ಹದಿನೈದು. ‘ಹದಿನೆಂಟು ಸಾ.’

‘ಎಲ್ರಿಗೂ ಮೂರ್ ಮೂರೇ!’ ಎಂದು ಮೇಸ್ತ್ರಿಯ ಮಗ ಎದ್ದು ನಿಂತ, ಮೋಸ ಹಿಡಿದವನ ಗತ್ತಿನಲ್ಲಿ. ‘ಆರ್ ಜನ, ತಲೆಗೆ ಮೂರು. ರಾಣಿ ಐದ್ರಲ್ಲೊಂದು ಅಂತ ಯಾಕ್ ಕೇಳಿದ್ಲು ಸಾ?’

ಪರ ವಿರೋಧ ಎರಡು ಪಕ್ಷವಾಯಿತು. ಮಂಡಕ್ಕಿ ಬಂದದ್ದು ಯಾರ ಗಮನಕ್ಕೂ ಬರಲಿಲ್ಲ, ಇದು ನಮ್ಮ ಜಗಲಿಯ ಇತಿಹಾಸದಲ್ಲೇ ಮೊದಲು. ಗದ್ದಲದ ನಡುವೆ ಒಬ್ಬ ಪೆನ್ನಿನ ಮುಚ್ಚಳ ತೆಗೆದು ಕೇಳಿದ: ‘ಇದು ಪರೀಕ್ಷೆಗೆ ಬತ್ತದಾ ಸಾ?’

‘ಬರಲ್ಲ.’

ಮುಚ್ಚಳ ಹಾಕಿದ. ‘ಹಂಗಾದ್ರೆ ಇನ್ನೊಂದು ಹೇಳಿ ಸಾ.’