ಬೀದಿಗೊಬ್ಬ ಸಿಎ

ನಮ್ಮ ಬಸವನಗುಡಿಯ ಬೀದಿಯಲ್ಲಿ ಅವನನ್ನು ಕರೆಯುವುದೇ ‘ಸಿಎ’ ಅಂತ. ಓದುತ್ತಿರುವುದು ಎರಡನೇ ವರ್ಷದ ಬಿ.ಕಾಂ. ಆದರೆ ಆ ಮಾತು ಅವನ ಬಾಯಿಂದ ಹೊರಡುವುದು ಅಪರೂಪ. ಪಿಯುಸಿ ಮುಗಿಸಿ ಸಿಎ ಫೌಂಡೇಶನ್ ಪಾಸಾದ ರಾತ್ರಿಯೇ ಇನ್‌ಸ್ಟಾಗ್ರಾಂನಲ್ಲಿ ಹೆಸರಿನ ಕೆಳಗೆ ‘ಸಿಎ ಇನ್ ಮೇಕಿಂಗ್’ ಎಂದು ಬರೆದುಕೊಂಡ. ಇಂಟರ್‌ಮೀಡಿಯೆಟ್, ಎರಡು ವರ್ಷದ ಆರ್ಟಿಕಲ್‌ಶಿಪ್, ಫೈನಲ್ ಎಲ್ಲವೂ ಮುಂದಿವೆ. ಇರಲಿ ಬಿಡಿ, ತಳಪಾಯ ತೋಡಿದ ದಿನವೇ ಗೃಹಪ್ರವೇಶದ ಕಾರ್ಡು ಹಂಚುವವರು ನಮ್ಮಲ್ಲಿ ಕಡಿಮೆಯೇನಿಲ್ಲ.

ಬೆಳಿಗ್ಗೆ ಆರಕ್ಕೆ ಕೋಚಿಂಗು, ಆಮೇಲೆ ಕಾಲೇಜು. ಕಾಲೇಜಿಗೆ ಹೋಗುವುದು ಹಾಜರಿಗೆ ಮಾತ್ರ. ಮೊಬೈಲಿನಲ್ಲಿ ಎರಡು ಪಟ್ಟು ವೇಗದ ಪಾಠ ಕೇಳಿ ಪಳಗಿದವನಿಗೆ ಬಿ.ಕಾಂ. ಮೇಷ್ಟ್ರು ಒಂದು ವಾಕ್ಯ ಮುಗಿಸುವಷ್ಟರಲ್ಲಿ ಜೊಂಪು ಹತ್ತಿರುತ್ತದೆ. ಚಾರ್ಟರ್ಡ್ ಅಕೌಂಟೆಂಟರ ಸಂಸ್ಥೆಯ ಲಾಂಛನದಲ್ಲಿ ಗರುಡನಿದ್ದಾನೆ; ಧ್ಯೇಯವಾಕ್ಯ ಕಠೋಪನಿಷತ್ತಿನದು, ಲೋಕ ಮಲಗಿರುವಾಗ ಎಚ್ಚರವಿರುವವನ ಕುರಿತದ್ದು. ಲೋಕ ಎದ್ದಿರುವಾಗ ಏನು ಮಾಡಬೇಕೆಂದು ಅದರಲ್ಲಿ ಹೇಳಿಲ್ಲವಾದ್ದರಿಂದ ಇವನು ಕೊನೇ ಬೆಂಚಿನಲ್ಲಿ ಮಲಗುತ್ತಾನೆ.

ಜುಲೈ ಬಂತೆಂದರೆ ಎದುರುಮನೆ ಅಂಕಲ್ ಫಾರ್ಮ್ 16 ಹಿಡಿದು ಹಾಜರು. “ಏನಪ್ಪಾ ಸಿಎ, ನಮ್ದೊಂದು ರಿಟರ್ನ್ ಹಾಕಿಬಿಡು. ನೀನಿದ್ದೂ ನಾನು ಹೊರಗಡೆ ದುಡ್ಡು ಸುರಿಯೋದಾ?” ಇವನು ಹುಬ್ಬು ಗಂಟಿಕ್ಕಿ, “ಹಳೇ ರಿಜೀಮೋ ಹೊಸದೋ, ಅಂಕಲ್?” ಎನ್ನುತ್ತಾನೆ. ಅಂಕಲ್ ಬೆರಗಾಗಿ ನಿಂತಿರುವಾಗ ರೂಮಿಗೆ ಹೋಗಿ ಯೂಟ್ಯೂಬ್ ನೋಡಿಕೊಂಡು ಬರುತ್ತಾನೆ. ಫೀಸು ಎರಡು ತುಂಡು ಮೈಸೂರು ಪಾಕ್.

ಹೋದ ಸಲ ಇಂಟರ್‌ಮೀಡಿಯೆಟ್ ಮೊದಲನೇ ಗ್ರೂಪು ಬರೆದ. ಗೆಲ್ಲಲು ಪ್ರತಿ ಪೇಪರಿನಲ್ಲೂ 40 ಬರಬೇಕು, ಮೂರೂ ಸೇರಿ 300ಕ್ಕೆ 150 ಆಗಬೇಕು. ಫಲಿತಾಂಶದ ದಿನ ಸೈಟು ತೆರೆಯಲೊಲ್ಲದು; ಇವನು ಮೊಬೈಲ್ ಹಿಡಿದು ಹಾಲಿನಿಂದ ಟೆರೇಸಿಗೆ, ಟೆರೇಸಿನಿಂದ ಹಾಲಿಗೆ. ಅಪ್ಪ ಪೇಪರನ್ನು ತಲೆಕೆಳಗಾಗಿ ಹಿಡಿದು ಓದುತ್ತಿದ್ದರು. ಕೊನೆಗೂ ತೆರೆಯಿತು: ಅಕೌಂಟ್ಸ್ 68, ಲಾ 41, ಟ್ಯಾಕ್ಸೇಶನ್ 40. ಒಟ್ಟು 149. (ಟ್ಯಾಕ್ಸೇಶನ್ನಿನ ಅಂಕಿಯನ್ನು ಅಂಕಲ್‌ಗೆ ಇಂದಿಗೂ ಯಾರೂ ಹೇಳಿಲ್ಲ.)

ಬೇರೆಯವರಾಗಿದ್ದರೆ ಫೇಲು ಎನ್ನುತ್ತಿದ್ದರು. ಇವನು “ಅಕೌಂಟ್ಸಲ್ಲಿ ಎಕ್ಸೆಂಪ್ಷನ್ ಬಂತು!” ಎಂದ. 60 ದಾಟಿದ ಪೇಪರನ್ನು ಮುಂದಿನ ಮೂರು ಪರೀಕ್ಷೆಗಳಲ್ಲಿ ಮತ್ತೆ ಬರೆಯಬೇಕಿಲ್ಲ. ಅಮ್ಮ ಅದನ್ನೇ ಫೋನಿನಲ್ಲಿ ನೆಂಟರಿಗೆಲ್ಲ ಹೇಳಿದರು. ಧಾರವಾಡದ ಚಿಕ್ಕಮ್ಮ ಅದೇನೋ ಬಹುಮಾನವೆಂದು ತಿಳಿದು ಐನೂರು ರೂಪಾಯಿ ಗೂಗಲ್ ಪೇ ಮಾಡಿದರು.

ಅಜ್ಜಿಗೆ ಮಾತ್ರ ಸಮಾಧಾನವಿಲ್ಲ. “ಒಂದೇ ಒಂದು ಮಾರ್ಕು ಹಾಕಿದ್ರೆ ಅವರ ಗಂಟೇನು ಹೋಗ್ತಿತ್ತೋ?”

ಇವನಿಗೆ ನಿಜವಾಗಿ ನೋವಾಯಿತು. “ಹಾಗೆಲ್ಲ ಕೊಡ್ತಾ ಹೋದ್ರೆ ನಾಳೆ ನಮ್ಮಂಥ ಸಿಎಗಳಿಗೆ ಬೆಲೆ ಏನಿರುತ್ತೆ, ಅಜ್ಜಿ?”

“ಮೊದಲು ಆಗಪ್ಪಾ,” ಎಂದರು ಅಜ್ಜಿ, “ಬೆಲೆ ಆಮೇಲೆ ಕಟ್ಟೋಣ.”