ಸೆಕ್ಯೂರ್ ಬೂಟ್ ಸಾಹೇಬರಿಗೆ, ತಾಜಸುಲ್ತಾನಪುರದಿಂದ

ಮಾನ್ಯ ಸೆಕ್ಯೂರ್ ಬೂಟ್ ಸಾಹೇಬರಿಗೆ,



ನಮ್ಮ ತಾಜಸುಲ್ತಾನಪುರದಾಗ ಕೆಎಸ್‌ಆರ್‌ಪಿ ಪಡೆ ಇದೆ. ಗೇಟಿನಲ್ಲಿ ನಿಂತ ಜವಾನ ಗುರುತಿಲ್ಲದವರನ್ನು ತಡೆಯುತ್ತಾನೆ. ಯಾಕೆಂದು ಕೇಳಿದರೆ ಹೇಳುತ್ತಾನೆ ಕೂಡ. ನೀವೋ, ನಂಬಿಕೆಯ ಸಹಿ ಇಲ್ಲದ ತಂತ್ರಾಂಶ ಏಳದಂತೆ ಕಾಯುವ ಕಾವಲುಗಾರರು, ನಾನು ರೊಕ್ಕ ಕೊಟ್ಟು ತಂದ ಕಂಪ್ಯೂಟರ್ ಡಬ್ಬಿಯೊಳಗೇ ಕೂತು ನನ್ನನ್ನೇ ತಡೆದಿರಿ. ಕಾರಣ ಕೇಳಿದರೆ ಕರಿ ಪರದೆ.

ಆಗಿದ್ದಿಷ್ಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಆರೈಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಾದರೂ ಬೇಕು. ನನ್ನದು ನಾಲ್ಕನೆಯದು. ತೊಗರಿ ಲೆಕ್ಕ ಬರೆಯಲು, ಮದುವೆ ಪತ್ರಿಕೆಯ ಕರಡು ತೆಗೆಯಲು ಎಂಟು ತಲೆಮಾರು ಯಾಕೆ ಬೇಕೋ! ಇಂಜಿನಿಯರಿಂಗ್ ಓದುವ ಅಳಿಯ, "ಮಾಮಾ, ಲಿನಕ್ಸ್ ಹಾಕೂಣು, ಹತ್ತು ನಿಮಿಷದ ಕೆಲಸ" ಅಂದ. ಅವನ ಹತ್ತು ನಿಮಿಷ ಹನ್ನೊಂದು ದಿನ ನಡೆಯಿತು.

ಎಫ್12 ಒತ್ತಿದೆವು, ಎಫ್2 ಒತ್ತಿದೆವು, ಡಿಲೀಟ್ ಒತ್ತಿ ಒತ್ತಿ ಅದರ ಅಕ್ಷರವೇ ಸವೆಯಿತು. ಕೊನೆಗೆ ಅಳಿಯ ಲಿನಕ್ಸ್ ತುಂಬಿ ತಂದ ಪೆನ್‌ಡ್ರೈವ್ ಕಂಡಿತು. ಕಂಡ ಕೂಡಲೇ ನೀವು ‘ಏನೋ ಭಾರಿ ಎಡವಟ್ಟಾಗಿದೆ’ ಎಂಬ ಅರ್ಥದ ಇಂಗ್ಲಿಷ್ ಸಾಲೊಂದನ್ನು ಬರೆದು, ಯಂತ್ರವನ್ನೇ ಆರಿಸಿಬಿಟ್ಟಿರಿ. ಏನು ಎಡವಟ್ಟು? ಪೆನ್‌ಡ್ರೈವ್‌ನಲ್ಲಿದ್ದ ಲಿನಕ್ಸ್ ಹಳೆಯದು. 2024ರ ಆಗಸ್ಟ್‌ನಲ್ಲಿ ಬಂದ ಒಂದು ವಿಂಡೋಸ್ ಅಪ್‌ಡೇಟು ಹಳೆಯ ಲಿನಕ್ಸ್‌ಗಳ ಪರವಾನಗಿಯನ್ನು ಸದ್ದಿಲ್ಲದೆ ರದ್ದು ಮಾಡಿತ್ತಂತೆ. ನೋಟೀಸು ನನಗೆ ಬಂದಿರಲಿಲ್ಲ. 2023ರಲ್ಲಿ ಬ್ಲ್ಯಾಕ್‌ಲೋಟಸ್ ಎಂಬ ಕಳ್ಳ ತಂತ್ರಾಂಶ ನಿಮ್ಮ ಕಣ್ಣೆದುರೇ ಒಳಗೆ ಹೊಕ್ಕಿದ್ದು ಬಯಲಾಯಿತು. ಅದಕ್ಕೆ ದಾರಿ ಬಿಟ್ಟವರು ತೊಗರಿ ಲೆಕ್ಕಕ್ಕೆ ಅಡ್ಡ ನಿಂತಿರಿ.

ಸಿಟ್ಟಿನಲ್ಲಿ ನಿಮ್ಮನ್ನು ಆಫ್ ಮಾಡಿದೆ. ಲಿನಕ್ಸ್ ಎದ್ದು ಕೂತಿತು! ಚಹಾ ಕುಡಿಯುವಷ್ಟರಲ್ಲಿ ಕರೆಂಟ್ ಹೋಯಿತು. ಬಂದಾಗ ನೋಡಿದರೆ ನೀವು ಮತ್ತೆ ಬಾಗಿಲಲ್ಲಿ. ಮತ್ತೆ ತೆಗೆದೆ, ಮತ್ತೆ ಕರೆಂಟ್ ಹೋಯಿತು, ಮತ್ತೆ ನೀವು. ಅಳಿಯ ಕೇಬಲ್ ಬದಲಿಸಿದ. ರ‍್ಯಾಮ್ ಕಿತ್ತು ನನ್ನ ಮಗಳ ಪೆನ್ಸಿಲ್ ರಬ್ಬರಿನಿಂದ ಅದರ ಹಲ್ಲು ತಿಕ್ಕಿದ. (ಈ ದೇಶದಲ್ಲಿ ಕಂಪ್ಯೂಟರಿನ ಯಾವ ರೋಗಕ್ಕೂ ಮೊದಲ ಮದ್ದು ರಬ್ಬರೇ.) ನಿಮಗೇನೂ ಆಗಲಿಲ್ಲ, ರಬ್ಬರು ಕರ್ರಗಾಯಿತು.

ಸುಳಿವು ಪರದೆಯ ಮೂಲೆಯಲ್ಲೇ ಇತ್ತು. ಲಿನಕ್ಸ್ ಎದ್ದಾಗಲೆಲ್ಲ ದಿನಾಂಕ 1 ಜನವರಿ 2014. ಯಾವ ಜಾಲತಾಣವೂ ತೆರೆಯುತ್ತಿರಲಿಲ್ಲ. ಅವುಗಳ ಪ್ರಮಾಣಪತ್ರ ಹುಟ್ಟುವ ಮುಂಚಿನ ಕಾಲಕ್ಕೆ ಹೋಗಿ ಕೂತವನಿಗೆ ಯಾರು ಬಾಗಿಲು ತೆಗೆದಾರು? ನಾವಿಬ್ಬರೂ ಅದನ್ನು ಲಿನಕ್ಸಿನ ಲಹರಿ ಅಂತ ಸುಮ್ಮನಿದ್ದೆವು. ಕೊನೆಗೆ ಡಬ್ಬಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಕಲಬುರಗಿ ಸೂಪರ್ ಮಾರ್ಕೆಟಿನ ಒಂದು ಅಂಗಡಿಗೆ ಒಯ್ದೆ. ಹುಡುಗ ಮುಚ್ಚಳ ತೆಗೆದ, ಇಣುಕಿದ.

"ಸೆಲ್ಲು ಸತ್ತದರಿ ಕಾಕಾ."

2032 ನಂಬರಿನ ಸೆಲ್ಲು. ಇಪ್ಪತ್ತು ಮಿಲಿಮೀಟರ್ ಅಗಲ, 3.2 ದಪ್ಪ, ಹೆಸರಲ್ಲೇ ಅಳತೆ. ಕರೆಂಟ್ ಇಲ್ಲದಾಗ ಗಡಿಯಾರವನ್ನು ಜೀವಂತ ಇಡುವುದು ಇದೇ. ಇದು ಸತ್ತರೆ ನನ್ನಂಥ ಹಳೆಯ ಬೋರ್ಡು ಸೆಟ್ಟಿಂಗನ್ನೂ ಮರೆತು, ಕಾರ್ಖಾನೆಯಿಂದ ಬಂದ ದಿನದಂತೆ ಏಳುತ್ತದೆ. ಅಂದರೆ ಸಾಹೇಬರೇ, ನಿಮ್ಮ ಹಟ ಹಟವಲ್ಲ, ಮರೆವು. ನಾನು ನಿಮ್ಮನ್ನು ಮನೆಗೆ ಕಳಿಸಿದ್ದೇ ನಿಮಗೆ ನೆನಪಿರಲಿಲ್ಲ. ಅಜ್ಜಂದಿರಿಗೆ ಹೀಗಾಗುತ್ತದೆ, ಆದರೆ ಅಜ್ಜಂದಿರ ಕೈಗೆ ಯಾರೂ ಕೋಟೆ ಬೀಗ ಕೊಡುವುದಿಲ್ಲ.

ಸೆಲ್ಲು ಹಾಕಿಸಿದೆ. ಹೊಸ ಲಿನಕ್ಸ್ ಇಳಿಸಿ ಪೆನ್‌ಡ್ರೈವ್ ಮಾಡಿದೆವು. ನೀವು ಆನ್ ಇದ್ದಾಗಲೇ, ಹೊಸ ಸಹಿ ನೋಡಿ, ಚಕಾರ ಎತ್ತದೆ ಒಳಗೆ ಬಿಟ್ಟಿರಿ. ಅಂದಹಾಗೆ ನಿಮ್ಮ ಸ್ವಂತ ಪ್ರಮಾಣಪತ್ರಗಳು 2011ರವು. 2026ರ ಜೂನ್‌ನಿಂದ ಒಂದೊಂದಾಗಿ ಅವುಗಳ ಅವಧಿ ಮುಗಿಯುತ್ತದೆ. ನವೀಕರಿಸಿಕೊಳ್ಳಿ. ಇಲ್ಲವಾದರೆ ಒಂದು ದಿನ ನಾನೇ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು, ‘ಏನೋ ಭಾರಿ ಎಡವಟ್ಟಾಗಿದೆ’ ಎಂದೇನು.

ಇಂತಿ ನಿಮ್ಮ ವಿಶ್ವಾಸಿ,
ಡಬ್ಬಿಯ ಮಾಲೀಕ
ತಾಜಸುಲ್ತಾನಪುರ

ದಿನಾಂಕ: 1 ಜನವರಿ 2014 (ಕರಡು ಶುರು ಮಾಡಿದ್ದು ಸೆಲ್ಲು ಹಾಕಿಸುವ ಮುಂಚೆ. ನಿಮ್ಮ ಗಡಿಯಾರದ ಮೇಲಿನ ಗೌರವದಿಂದ ತಿದ್ದಿಲ್ಲ.)