ಶ್ರೀಅನ್ನ ಪದವಿಗೇರಿದ ರಾಗಿಯವರಿಗೆ ಮತ್ತಿಕೆರೆಯಿಂದ ಬಹಿರಂಗ ಪತ್ರ

ಮಹಾರಾಜರಾಜಶ್ರೀ ರಾಗಿಯವರ ಸನ್ನಿಧಾನಕ್ಕೆ,

ಮತ್ತಿಕೆರೆಯ ಬಾಡಿಗೆ ಮನೆಯೊಂದರ ಎರಡನೇ ಮಹಡಿಯಿಂದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ.

ಮೊನ್ನೆಯವರೆಗೂ ತಮ್ಮನ್ನು ಏಕವಚನದಲ್ಲೇ ಕರೆಯುತ್ತಿದ್ದೆ, ಕ್ಷಮಿಸಬೇಕು. ತಮಗೆ ಬಡ್ತಿಯಾದದ್ದು ನನಗೆ ತಡವಾಗಿ ತಿಳಿಯಿತು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ತಾವು ಬರೀ ‘ಒರಟು ಧಾನ್ಯ’. ಪಡಿತರದ ಅಕ್ಕಿಗೆ ಕೆ.ಜಿ.ಗೆ ಮೂರು ರೂಪಾಯಿ, ಗೋಧಿಗೆ ಎರಡು, ತಮ್ಮ ಜಾತಿಗೆ ಒಂದು. 2018ರಲ್ಲಿ ‘ಪೌಷ್ಟಿಕ ಧಾನ್ಯ’ ಎಂದು ಅಧಿಸೂಚನೆ ಹೊರಟಿತು. 2023ನ್ನು ವಿಶ್ವಸಂಸ್ಥೆ ತಮ್ಮ ಬಳಗದ ಹೆಸರಿಗೇ ಬರೆದುಕೊಟ್ಟಿತು. ಅದೇ ವರ್ಷದ ಬಜೆಟ್ ಭಾಷಣದಲ್ಲಿ ತಾವು ‘ಶ್ರೀಅನ್ನ’ರಾದಿರಿ. ಹತ್ತೇ ವರ್ಷದಲ್ಲಿ ಒರಟಿನಿಂದ ಶ್ರೀವರೆಗೆ! ಎಫ್‌ಡಿಎ ಆಗಿ ಸೇರಿ ಎಫ್‌ಡಿಎ ಆಗಿಯೇ ನಿವೃತ್ತನಾದ ನನಗೆ ಹೊಟ್ಟೆಕಿಚ್ಚಾದರೆ ತಪ್ಪೇನು?

ನಮ್ಮ ಏರಿಯಾದಲ್ಲಿ ಈಗ ತಮ್ಮ ದರ್ಶನಕ್ಕೆ ಬೆಳಿಗ್ಗೆ ಆರಕ್ಕೇ ಕ್ಯೂ. ಜೆ.ಪಿ. ಪಾರ್ಕಿನಲ್ಲಿ ನಾಲ್ಕು ಸುತ್ತು ಹಾಕಿದವರು ಗಾಡಿಯ ಹತ್ತಿರ ನಿಂತು ಪೇಪರ್ ಲೋಟದಲ್ಲಿ ಅಂಬಲಿ ಕುಡಿಯುತ್ತಾ, ‘ನಿಮಗೆ ಶುಗರ್ ಎಷ್ಟಿದೆ?’ ಎಂದು ಪರಸ್ಪರ ಗೋತ್ರ ವಿಚಾರಿಸಿಕೊಳ್ಳುತ್ತಾರೆ. ಮಗಳು ಒಂದು ಪೊಟ್ಟಣ ರಾಗಿ ಕುಕಿ ತಂದಳು. ಮುಂಭಾಗದಲ್ಲಿ ತಮ್ಮದೇ ತೆನೆ. ಹಿಂಭಾಗದಲ್ಲಿ ತಮ್ಮನ್ನು ಹುಡುಕಲು ಕನ್ನಡಕ ಸಾಲದೆ ಮೊಮ್ಮಗನ ಭೂತಗನ್ನಡಿ ಬೇಕಾಯಿತು. ಮೊದಲು ಮೈದಾ, ಆಮೇಲೆ ಸಕ್ಕರೆ, ಆಮೇಲೆ ತಾಳೆ ಎಣ್ಣೆ. ಮದುವೆಮನೆಗೆ ಮಾತಿಗೆ ಕರೆಸಿದ ದೂರದ ನೆಂಟರ ಹಾಗೆ ತಾವು ನಾಲ್ಕನೇ ಸಾಲಿನಲ್ಲಿ ಮುದುಡಿ ಕೂತಿದ್ದಿರಿ. ನೂರೈವತ್ತು ಗ್ರಾಂಗೆ 120 ರೂಪಾಯಿ. ಮಂಡ್ಯದ ವಿ.ಸಿ. ಫಾರಂನಲ್ಲಿ ಆಫ್ರಿಕದ ತಳಿಯೊಂದಿಗೆ ತಮಗೆ ಮದುವೆ ಮಾಡಿಸಿ ‘ಇಂಡಾಫ್’ ಸಂತಾನ ತಂದ ಲಕ್ಷ್ಮಣಯ್ಯನವರ ಹೆಸರು ಮಾತ್ರ ಯಾವ ಪೊಟ್ಟಣದ ಮೇಲೂ ಕಾಣಲಿಲ್ಲ.

ಸಂಕ್ರಾಂತಿಗೆ ಮಾಗಡಿ ಕಡೆಯ ನಮ್ಮೂರಿಗೆ ಹೋಗಿದ್ದೆ. ಚಿಕ್ಕಮ್ಮನ ಮನೆಯ ಪಡಸಾಲೆಯಲ್ಲಿ ಹದಿನೆಂಟು ಮೂಟೆ ರಾಗಿ ಬಾಯಿ ಹೊಲಿಸಿಕೊಂಡು ಖರೀದಿ ಕೇಂದ್ರಕ್ಕೆ ಹೊರಡಲು ಕೂತಿತ್ತು. ಒಲೆ ಮೇಲಿದ್ದದ್ದು ಸೊಸೈಟಿ ಅಕ್ಕಿ. ಹೊಸ ರಾಗಿ ಮುದ್ದೆಯ ಆಸೆಗೆ ಹೋದವನಿಗೆ ಅನ್ನ, ಟೊಮೇಟೊ ಸಾರು.

‘ಕ್ವಿಂಟಾಲ್‌ಗೆ 4,886 ಕೊಡ್ತಾರೆ ಕಣಪ್ಪ. ಅಷ್ಟು ದುಡ್ಡಿಂದ ತಿಂದ್ರೆ ಅರಗ್ತದಾ?’ ಎಂದರು ಚಿಕ್ಕಮ್ಮ.

ಪಕ್ಕದ ಮನೆಯವನದು ವಾರಕ್ಕೆ ಮಾಡಿದ ಹೊಲ. ಪಹಣಿ ಇನ್ನೊಬ್ಬರ ಹೆಸರಲ್ಲಿದೆ, ಹಾಗಾಗಿ ಅವನ ರಾಗಿಗೆ ಆ ಬೆಲೆ ಇಲ್ಲ. ದಲ್ಲಾಳಿ ಹೇಳಿದ್ದೇ ಲೆಕ್ಕ. ಈ ಮೂಟೆಗಳೆಲ್ಲ ಲಾರಿ ಹತ್ತಿ, ಗೋದಾಮು ಸುತ್ತಿ, ಪಡಿತರವಾಗಿ ಇದೇ ಊರಿಗೆ ಮರಳಿದರೂ ಮರಳಬಹುದು. ಕಾಶಿಗೆ ಹೋದವರಾದರೆ ಗಂಗೆ ತರುತ್ತಾರೆ, ತಾವು ಕಲ್ಲು ತರುತ್ತೀರಿ.

ಇಲ್ಲಿಂದ ಮುಂದಕ್ಕೆ ‘ತಾವು’ ಎನ್ನಲು ನಾಲಿಗೆ ಹೊರಳುತ್ತಿಲ್ಲ. ಕಷ್ಟ ಹೇಳಿಕೊಳ್ಳುವಾಗ ಬಹುವಚನ ಅಡ್ಡ ಬರುತ್ತದೆ. ಕೇಳು.

ನೀನು ಹೊಲದಲ್ಲಿ ಒಬ್ಬನೇ ಇದ್ದವನಲ್ಲ. ನಿನ್ನ ಸಾಲುಗಳ ನಡುವೆ ಅಕ್ಕಡಿ ಸಾಲು: ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು. ಮಳೆ ಹೋಯಿತು ಎಂದು ನೀನು ಮುಖ ಬಾಡಿಸಿಕೊಂಡ ವರ್ಷವೂ ಅವರೆ ಇಬ್ಬನಿ ಕುಡಿದು ನಾಲ್ಕು ಕಾಯಿ ಬಿಡುತ್ತಿತ್ತು. ನಿನ್ನ ಬುಡದಲ್ಲಿ ಯಾರೂ ಬಿತ್ತದ ಅಣ್ಣೆ ಸೊಪ್ಪು, ಗೋಣಿ ಸೊಪ್ಪು, ಕನ್ನೆ ಸೊಪ್ಪು. ಕಳೆ ಕೀಳಲು ಹೋದ ಚಿಕ್ಕಮ್ಮ ಸಂಜೆ ಮಡಿಲು ತುಂಬಾ ಬೆರಕೆ ಸೊಪ್ಪು ಕಟ್ಟಿಕೊಂಡು ಬರುತ್ತಿದ್ದರು. ಕಾಳಿನ ಜೊತೆ ಬೇಯಿಸಿ ಬಸಿದರೆ ಕಟ್ಟು ಬಸ್ಸಾರಿಗೆ, ಸೊಪ್ಪು ಪಲ್ಯಕ್ಕೆ. ಅದರ ಗತಿ ಏನಾಯಿತು ಎಂದೆ.

‘ಈಗ್ಯಾರು ಕುಕ್ಕರುಗಾಲಲ್ಲಿ ಕೂತು ಕಳೆ ಕೀಳ್ತಾರೆ? ಔಷಧಿ ಹೊಡೆಸ್ತೀವಿ. ಕಳೇನೂ ಹೋಯ್ತು, ಸೊಪ್ಪೂ ಹೋಯ್ತು.’

ಅಗಲ ಎಲೆಯದನ್ನೆಲ್ಲ ಸುಟ್ಟು, ಹುಲ್ಲಿನ ಜಾತಿಯ ನಿನ್ನೊಬ್ಬನನ್ನು ಉಳಿಸುವ ಔಷಧಿ ಅದು. ಅದಕ್ಕೆ ಅಣ್ಣೆ ಸೊಪ್ಪೂ ಒಂದೇ, ಅವರೆಯೂ ಒಂದೇ. ನಿನಗೆ ಶ್ರೀ ಬಂತು, ಒಡಹುಟ್ಟಿದವರಿಗೆ ತಿಥಿಯಾಯಿತು.

ಹಗೇವು ನೆನಪಿದೆಯೇ? ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಅಕ್ಕಿಯೊಡನೆ ಜಗಳ ಬಿದ್ದು ಆರು ತಿಂಗಳು ಸೆರೆಯಲ್ಲಿದ್ದೆಯಂತೆ, ನೆಲದಡಿಯ ಹಗೇವಿನಲ್ಲಿ ವರ್ಷಗಟ್ಟಲೆ ಹುಳು ಹಿಡಿಯದೆ ಮಲಗಿದ್ದವನಿಗೆ ಅದು ಬೇಸಿಗೆ ರಜೆ. ಹಗೇವಿನ ಬಾಯಿ ತೆಗೆದ ತಕ್ಷಣ ಇಳಿದರೆ ಉಸಿರುಕಟ್ಟಿ ಸಾಯುತ್ತಾರೆಂದು ಅಜ್ಜ ಮೊದಲು ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡುತ್ತಿದ್ದರು. ದೀಪ ಆರದಿದ್ದರೆ ಮಾತ್ರ ಆಳು ಇಳಿಯಬೇಕು. ಆಹಾರ ಭದ್ರತೆ ಎಂಬ ಮಾತನ್ನೇ ಕೇಳದವರ ಭದ್ರತೆ. ಆ ಹಗೇವಿನ ಮೇಲೀಗ ಸಿಮೆಂಟ್ ರಸ್ತೆ.

ಆಗ ಎಲ್ಲರೂ ಕಲ್ಲುಗುಂಡಿನಂತಿದ್ದರು ಎಂದು ಸುಳ್ಳು ಹೇಳಲಾರೆ. ಬರ ಬಂದರೆ ಅಂಬಲಿಗೂ ತತ್ವಾರ. ಅಕ್ಕಿಯನ್ನೂ ಬೈಯಲಾರೆ: 2013ರಲ್ಲಿ ಅನ್ನಭಾಗ್ಯ ಬಂದ ಮೇಲೆ ಚಿಕ್ಕಮ್ಮ ಕಡ ಕೇಳಲು ಯಾರ ಮನೆ ಬಾಗಿಲಿಗೂ ಹೋಗಿಲ್ಲ. ಮುದ್ದೆ ತಿರುವಿ ಅವರ ರಟ್ಟೆ ಬಿದ್ದುಹೋಗಿತ್ತು. ಕುಕ್ಕರ್ ಮೂರು ಸಲ ಕೂಗಿದರೆ ಅನ್ನ. ಬೀಸುವ ಪದ ಹೊಗಳುವವರಲ್ಲಿ ಬೀಸಿದವರು ಕಡಿಮೆ. ಸರ್ಕಾರಿ ಶಾಲೆಯಲ್ಲಿ ಈಗ ಹಾಲಿಗೆ ನಿನ್ನ ಮಾಲ್ಟ್ ಬೆರೆಸಿ ಕೊಡುತ್ತಾರೆ, ಅದನ್ನು ಗೇಲಿ ಮಾಡಿದರೆ ನಾಲಿಗೆ ಸೀಳೀತು.

ಆದರೆ ಲೆಕ್ಕ ನೋಡು. ನೂರು ಗ್ರಾಂನಲ್ಲಿ ಸುಮಾರು 364 ಮಿಲಿಗ್ರಾಂ ಸುಣ್ಣದಂಶ ಹೊತ್ತ ನಿನ್ನನ್ನು ದೇಶದಲ್ಲೇ ಅತಿ ಹೆಚ್ಚು ಬೆಳೆಯುವ ರಾಜ್ಯ ನಮ್ಮದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಇದೇ ರಾಜ್ಯದ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ನೀನು ಯಾರ ಮನೆಯಲ್ಲಿ ಊಟಕ್ಕೆ ಕೂತಿದ್ದೀಯ ಸ್ವಾಮಿ?

ನನ್ನ ಅರ್ಜಿ ಇಷ್ಟೆ. ಮುಂದಿನ ಮುಂಗಾರಿಗೆ ಚಿಕ್ಕಮ್ಮನ ಹೊಲಕ್ಕೆ ಬರುವಾಗ ಕಿರೀಟವನ್ನು ಯಶವಂತಪುರ ಯಾರ್ಡಿನಲ್ಲೇ ಬಿಚ್ಚಿಟ್ಟು, ಅವರೆ, ಹುಚ್ಚೆಳ್ಳನ್ನು ಕೈಹಿಡಿದು ಕರೆದುಕೊಂಡು ಬಾ. ಖರೀದಿ ಕೇಂದ್ರದಲ್ಲಿ ನಿನಗೆ ಹೇಗೂ ವಶೀಲಿ ಇದೆ. ಅವರ ಹೆಸರನ್ನೂ ಬರೆಸು. ಹದಿನೆಂಟರಲ್ಲಿ ಎರಡು ಮೂಟೆಯಾದರೂ ಬಾಯಿ ಹೊಲಿಸಿಕೊಳ್ಳದೆ ಪಡಸಾಲೆಯಲ್ಲೇ ಉಳಿ.

ಇಂತಿ,
ಮಾಜಿ ಮುದ್ದೆ ಭಕ್ತ, ಹಾಲಿ ಶುಗರ್ ಪೇಷಂಟ್,
ಮತ್ತಿಕೆರೆ

ವಿ.ಸೂ.: ಕುಕಿ ಪೊಟ್ಟಣವನ್ನು ಊರಿಗೆ ಒಯ್ದಿದ್ದೆ. ಬೆಲೆ ಕೇಳಿದ ಚಿಕ್ಕಮ್ಮ ಬೆರಳೆಣಿಸಿ, ‘ಎರಡೂವರೆ ಕೆ.ಜಿ. ರಾಗಿ ದುಡ್ಡು ಕೊಟ್ಟು ಇದನ್ನ ತಂದ್ಯಾ?’ ಎಂದರು. ಒಂದನ್ನು ಮುರಿದು ಕಾಫಿಗೆ ಅದ್ದಿ ಬಾಯಿಗೆ ಹಾಕಿಕೊಂಡು, ‘ಚೆನ್ನಾಗೈತೆ. ಮೈದಾ ಬಿಸ್ಕತ್ತಲ್ವಾ?’ ಎಂದರು.